ಗರ್ಭಿಣಿಯರ ವಿಮಾನ ಪ್ರಯಾಣ: ಟಿಕೆಟಿಗೆ ಮೊದಲು ವಾರ ಎಣಿಸಿ

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಮಂಗಳೂರು, ಉಡುಪಿ ಕಡೆಯ ಹೆಣ್ಣುಮಕ್ಕಳು ಏಳನೇ ತಿಂಗಳ ಬಯಕೆ ಶಾಸ್ತ್ರಕ್ಕೆ ತವರಿಗೆ ಬರುವುದುಂಟು. ಮನೆಯವರು ತಿಂಗಳ ಲೆಕ್ಕದಲ್ಲಿ ಮುಹೂರ್ತ ಇಡುತ್ತಾರೆ; ವಿಮಾನಯಾನ ಸಂಸ್ಥೆಗಳು ಕೇಳುವುದು ವಾರಗಳ ಲೆಕ್ಕವನ್ನು. ಆದ್ದರಿಂದ ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸಿ, ಸ್ಕ್ಯಾನಿಂಗ್ ವರದಿಯೊಂದಿಗೆ ತಾಳೆ ನೋಡಿದ ಮೇಲೆಯೇ ಟಿಕೆಟ್ ಕಾದಿರಿಸಬೇಕು.

ವಾಂತಿ, ಸುಸ್ತು ಕಡಿಮೆಯಾಗಿರುವ 14ರಿಂದ 28ನೇ ವಾರದ ನಡುವಿನ ಅವಧಿ ಪ್ರಯಾಣಕ್ಕೆ ಹೆಚ್ಚು ಅನುಕೂಲಕರ. ಅನೇಕ ಸಂಸ್ಥೆಗಳು 28ನೇ ವಾರದ ಆಸುಪಾಸಿನಿಂದ ವೈದ್ಯರ ಪತ್ರ ಕೇಳುತ್ತವೆ. ತೊಡಕಿಲ್ಲದ ಒಂಟಿ ಗರ್ಭಕ್ಕೆ ಸಾಮಾನ್ಯವಾಗಿ 36, ಅವಳಿಗೆ 32 ವಾರಗಳ ಮಿತಿಯಿರುತ್ತದೆ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆಯಾಗುವುದರಿಂದ ನಿಮ್ಮ ಸಂಸ್ಥೆಯದ್ದನ್ನೇ ಓದಿಕೊಳ್ಳಿ. ಶಾಸ್ತ್ರ ಮುಗಿಸಿ ಗಂಡನ ಬಳಿಗೆ ಮರಳುವವರು ವಾಪಸಾಗುವ ದಿನದ ವಾರವನ್ನೂ ಎಣಿಸಬೇಕು. ಹಲವರು ಎಡವುವುದು ಇಲ್ಲಿಯೇ.

ಮುಂದಿನದು ವೈದ್ಯರ ಭೇಟಿ. ರಕ್ತಸ್ರಾವ, ಅಧಿಕ ರಕ್ತದೊತ್ತಡ, ತೀವ್ರ ರಕ್ತಹೀನತೆ, ಗರ್ಭಕೋಶದ ಬಾಯಿಗೆ ಅಡ್ಡಲಾಗಿರುವ ಮಾಸು, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ, ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಮಾತೇ ಅಂತಿಮ. ಮುಹೂರ್ತಕ್ಕಾಗಿ ಅದನ್ನು ಮೀರುವುದು ಸರಿಯಲ್ಲ. ಪತ್ರದಲ್ಲಿ ಗರ್ಭದ ವಾರ, ಹೆರಿಗೆಯ ನಿರೀಕ್ಷಿತ ದಿನಾಂಕ, ಒಂದೇ ಮಗುವೋ ಅವಳಿಯೋ ಎಂಬುದು, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಮಾತು, ವೈದ್ಯರ ಸಹಿ ಮತ್ತು ಮೊಹರು ಇರಲಿ. ಪತ್ರ, ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಔಷಧ ಮತ್ತು ಅದರ ಚೀಟಿ ಕೈಚೀಲದಲ್ಲಿಯೇ ಇರಬೇಕು. ಉಡುಪಿಯಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಡುವವರು ಹೆದ್ದಾರಿಯ ದಟ್ಟಣೆಯನ್ನೂ ಲೆಕ್ಕಕ್ಕೆ ಹಿಡಿದು ಬೇಗನೆ ಹೊರಡುವುದು ಒಳ್ಳೆಯದು.

ವಿಮಾನದಲ್ಲಿ ಹೆಚ್ಚಿನ ಗಮನ ಕಾಲುಗಳ ಮೇಲಿರಲಿ. ಗರ್ಭಿಣಿಯರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಒಳರಕ್ತನಾಳದಲ್ಲಿ ಗಂಟು ಕಟ್ಟುವ ಅಪಾಯ ಏರುತ್ತದೆ. ನಡುದಾರಿಯ ಪಕ್ಕದ ಆಸನ ಪಡೆದು ಆಗಾಗ ಎದ್ದು ನಡೆಯಿರಿ, ಕುಳಿತಲ್ಲಿಯೇ ಹಿಮ್ಮಡಿ ಊರಿ ಪಾದದ ತುದಿಯನ್ನು ಮೇಲೆತ್ತಿ ಇಳಿಸಿರಿ, ನೀರು ಕುಡಿಯುತ್ತಿರಿ. ದೀರ್ಘ ಪ್ರಯಾಣಕ್ಕೆ ಬಿಗಿ ಕಾಲುಚೀಲ ಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿರಿ. ಸೀಟ್ ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಸಂದಿಗೆ ತಾಗುವಂತೆ ಕಟ್ಟಿಕೊಳ್ಳಬೇಕು.

ಊರು ತಲುಪಿದ ಮೇಲೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ, ಪ್ರಯಾಣದ ದಣಿವೆಂದು ಎಣ್ಣೆ ತಿಕ್ಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.