ಜಪ್ತಿಯ ಪಾಠ ಕೊನೆಯಿಂದ ಶುರುವಾಗಲಿ

ತಲಪಾಡಿಯಿಂದ ಆಚೆ ಮಂಗಳೂರು, ಈಚೆ ಮಂಜೇಶ್ವರ. ದುಡ್ಡು ಈ ಗಡಿ ದಾಟಲು ಒಂದು ಮೊಬೈಲ್ ಸಾಕು. ಅದರ ಹಿಂದೆ ಹೊರಟ ಕೋರ್ಟಿನ ಕಾಗದಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಇಲ್ಲಿ ಜನ ಕಟ್ಟಿದ ಚೀಟಿ ಹಣ ಅಲ್ಲಿ ಫ್ಲ್ಯಾಟ್ ಆಗಿರುತ್ತದೆ, ಇನ್ನೊಂದಿಷ್ಟು ದುಬೈಯ ಬ್ಯಾಂಕಿನಲ್ಲಿ ಇರುತ್ತದೆ.

ಹೀಗೆ ವಂಚಕರು ಗಡಿ ದಾಟಿಸಿದ ಆಸ್ತಿಯನ್ನು ಹಿಡಿದು ಹಣ ಕಳೆದುಕೊಂಡವರಿಗೆ ಮರಳಿಸುವ ಬಗ್ಗೆ ಜೂನಿಯರ್ ವಕೀಲರಿಗೆ ಒಂದು ದಿನದ ತರಬೇತಿ ಮಾಡುವುದು ಹೇಗೆ? ಮೊದಲ ಸಲ ನಾನೇ ಎಡವಿದ್ದೆ. ಬೆಳಗ್ಗೆಯಿಡೀ ಸೆಕ್ಷನ್ ಓದಿದೆ. ಮಧ್ಯಾಹ್ನ ಬಿರಿಯಾನಿ. ‘ಹಿಡಿದ ಆಸ್ತಿಯನ್ನು ಏನು ಮಾಡುವುದು’ ಎಂಬ ಭಾಗ ಬಂದದ್ದು ಮೂರು ಗಂಟೆಗೆ. ಅಷ್ಟೊತ್ತಿಗೆ ಹಿಂದಿನ ಬೆಂಚಿನವರು ನಿದ್ದೆಯಲ್ಲಿದ್ದರು. ಈಗ ಆ ಭಾಗವನ್ನೇ ಬೆಳಗ್ಗೆ ಹತ್ತಕ್ಕೆ ಇಡುತ್ತೇನೆ.

ಮೊದಲ ಹೆಜ್ಜೆ: ಒಂದು ಕಟ್ಟುಕಥೆ, ಒಂದು ಲೆಕ್ಕ

ನಿಜವಾದ ಕೇಸು ಬೇಡ, ಸುಮ್ನೆ ಯಾರದ್ದೋ ಹೆಸರು ಎಳೆದಂತಾಗುತ್ತದೆ. ನಾನು ಕೊಡುವ ಕಥೆ ಹೀಗಿದೆ. ಉಪ್ಪಳದಲ್ಲಿ ಒಬ್ಬ ಚಿನ್ನದ ಚೀಟಿ ನಡೆಸಿ 62 ಜನರಿಂದ 1.80 ಕೋಟಿ ರೂಪಾಯಿ ಎತ್ತಿದ. ಮಂಗಳೂರಿನ ಫ್ಲ್ಯಾಟ್ ಮಾರಿದರೆ 58 ಲಕ್ಷ ಬರುತ್ತದೆ, ಆದರೆ ಅದರ ಮೇಲೆ ಬ್ಯಾಂಕ್ ಸಾಲ 15 ಲಕ್ಷ ಬಾಕಿ. ಖಾತೆಯಲ್ಲಿ ತಡೆಹಿಡಿದದ್ದು 15 ಲಕ್ಷ. ಕಾರು 5 ಲಕ್ಷ. ದುಬೈಯ ಹಣ ಇನ್ನೂ ಕೈಗೆ ಸಿಕ್ಕಿಲ್ಲ.

ಒಬ್ಬರನ್ನು ಠೇವಣಿದಾರರ ಪಾತ್ರಕ್ಕೆ ಕೂರಿಸಿ. ಕುಂಬಳೆಯ ಅಕ್ಕ ಒಬ್ಬರು, ನಾಲ್ಕು ಲಕ್ಷ ಕಟ್ಟಿದವರು. ಅವರ ಪ್ರಶ್ನೆ ಒಂದೇ: “ವಕೀಲರೇ, ಸೆಕ್ಷನ್ ಎಲ್ಲ ಬೇಡ. ನನಗೆ ಎಷ್ಟು ಸಿಗ್ತದೆ ಹೇಳಿ.”

ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ. ಬ್ಯಾಂಕಿನ ಸಾಲ ತೀರಿದರೆ ಫ್ಲ್ಯಾಟಿನಿಂದ 43 ಲಕ್ಷ, ಖಾತೆ ಮತ್ತು ಕಾರು ಸೇರಿ ಒಟ್ಟು 63 ಲಕ್ಷ. ರೂಪಾಯಿಗೆ 35 ಪೈಸೆ. ಅಕ್ಕನಿಗೆ 1.40 ಲಕ್ಷ. ಇಡೀ ರೂಮು ಒಮ್ಮೆ ಸುಮ್ಮನಾಗುತ್ತದೆ. ಆಮೇಲೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಬ್ಯಾಂಕಿಗೆ ಮೊದಲು ಯಾಕೆ? ಫ್ಲ್ಯಾಟನ್ನು ಗೊತ್ತಿಲ್ಲದೆ ಬೇರೆಯವರು ಕೊಂಡಿದ್ದರೆ? ಹನ್ನೆರಡು ಲಕ್ಷದ ಕಾರು ಐದಕ್ಕೆ ಇಳಿದದ್ದು ಹೇಗೆ?

ಕಾರಿನ ಉತ್ತರ ಸುಲಭ. ಅದು ಮೂರು ಮಳೆಗಾಲ ಠಾಣೆಯ ಅಂಗಳದಲ್ಲಿ ನಿಂತಿತ್ತು. ನಮ್ಮ ಮಳೆ ಗೊತ್ತಲ್ವಾ, ಎರಡನೇ ವರ್ಷಕ್ಕೆ ಸೀಟಿನೊಳಗೆ ಹುಲ್ಲು ಚಿಗುರುತ್ತದೆ. ಹೀಗೆ ವಾಹನಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಬಾಂಡ್ ಪಡೆದು ಬೇಗ ಬಿಡಿ ಅಥವಾ ವಿಲೇವಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿತ್ತು. ತೀರ್ಪು ಎಲ್ಲರಿಗೂ ಬಾಯಿಪಾಠ. ಅರ್ಜಿ ಹಾಕುವವರು ಕಡಿಮೆ. ಆ ಅರ್ಜಿಯನ್ನು ಅಲ್ಲೇ ಬರೆಸಿ, ಅರ್ಧ ಗಂಟೆ ಸಾಕು.

ಎರಡನೇ ಹೆಜ್ಜೆ: ಯಾವ ದಾರಿ ಹಿಡಿಯುವುದು

ಮೊದಲು ಪದ ಬಿಡಿಸಿ. ಜಪ್ತಿ ಅಂದರೆ ಸದ್ಯಕ್ಕೆ ಕಟ್ಟಿಹಾಕುವುದು, ಮುಟ್ಟುಗೋಲು ಅಂದರೆ ಪೂರ್ತಿ ಕಳೆದುಕೊಳ್ಳುವುದು. ವಾದದ ಮಧ್ಯೆ ಇವೆರಡನ್ನು ಕಲಸುವವರು ಸೀನಿಯರ್‌ಗಳಲ್ಲೂ ಇದ್ದಾರೆ.

ಆಮೇಲೆ ದಾರಿಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಸೆಕ್ಷನ್ ಎಲ್ಲಕ್ಕಿಂತ ಹೊಸತು. ತನಿಖಾಧಿಕಾರಿ ಎಸ್‌ಪಿ ಒಪ್ಪಿಗೆ ಪಡೆದು ಕೋರ್ಟಿಗೆ ಬರಬೇಕು. ಕೋರ್ಟ್ 14 ದಿನದ ನೋಟಿಸ್ ಕೊಡುತ್ತದೆ. ಆಸ್ತಿ ಅಪರಾಧದ ಗಳಿಕೆ ಎಂದು ಕಂಡುಬಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಅದನ್ನು 60 ದಿನದಲ್ಲಿ ಸಂತ್ರಸ್ತರಿಗೆ ಪಾಲಿನ ಪ್ರಕಾರ ಹಂಚಬೇಕು. ಬೆಳಗ್ಗೆ ಹಾಕಿದ ಲೆಕ್ಕ ಅದೇ. ಯಾರೂ ಕೇಳದೆ ಉಳಿದದ್ದು ಸರ್ಕಾರಕ್ಕೆ.

ಜಾರಿ ನಿರ್ದೇಶನಾಲಯ (ಇ.ಡಿ.) ಬಂದರೆ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. ಇದನ್ನು ಗೋಡೆ ಕ್ಯಾಲೆಂಡರ್ ಹಿಡಿದು ಹೇಳಿಕೊಡಿ. ಜೂನ್ 1ಕ್ಕೆ ತಾತ್ಕಾಲಿಕ ಜಪ್ತಿ ಆದರೆ 30 ದಿನದೊಳಗೆ ದೆಹಲಿಯ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ದೂರು ಹೋಗಬೇಕು. 180 ದಿನದೊಳಗೆ ಅದು ಖಾಯಂ ಆಗದಿದ್ದರೆ, ಅಂದರೆ ನವೆಂಬರ್ ಕೊನೆಗೆ, ಜಪ್ತಿ ಬಿದ್ದುಹೋಗುತ್ತದೆ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿದರೆ ಮರೆಯುವುದಿಲ್ಲ. 8(8)ನೇ ಸೆಕ್ಷನ್ ಮತ್ತು 2016ರ ನಿಯಮಗಳ ಅಡಿ ಹಣ ಕಳೆದುಕೊಂಡವರು ವಾಪಸ್ ಕೇಳಬಹುದು ಎಂಬುದನ್ನು ಬಿಡಬೇಡಿ.

ಠೇವಣಿ ವಂಚನೆಗೆ ಬೇರೆ ಕಾಯ್ದೆಗಳೂ ಉಂಟು: ಕರ್ನಾಟಕದ್ದು 2004ರದ್ದು, ಕೇರಳದ್ದು 2013ರದ್ದು, ಕೇಂದ್ರದ್ದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, ಇಂಗ್ಲಿಷಿನ ಚುಟುಕು ಹೆಸರು ಬಡ್ಸ್. ನಮ್ಮೂರಲ್ಲಿ ಬಡ್ಸ್ ಅಂದರೆ ವಿಶೇಷ ಮಕ್ಕಳ ಶಾಲೆ. ಕಕ್ಷಿಗಾರರು ಗೊಂದಲ ಮಾಡಿಕೊಂಡರೆ ನಗಬೇಡಿ.

ಮೂರನೇ ಹೆಜ್ಜೆ: ತಲಪಾಡಿ ದಾಟುವುದು

ಪುಸ್ತಕದಲ್ಲಿ ಸಿಗದ ಪಾಠ ಇಲ್ಲಿಂದ ಶುರು. ಕಾಸರಗೋಡಿನ ಜಾಗಕ್ಕೆ ಮಲಯಾಳದ ಆಧಾರಂ (ಅಲ್ಲಿನ ಕ್ರಯಪತ್ರ), ತಂಡಪ್ಪೇರ್ (ಕಂದಾಯ ಖಾತೆ) ನಂಬರ್, ಹಳೆ ಸರ್ವೆ ಮತ್ತು ರೀಸರ್ವೆ ನಂಬರ್. ಮಂಗಳೂರಿನ ಜಾಗಕ್ಕೆ ಕನ್ನಡದ ಕ್ರಯಪತ್ರ, ಪಹಣಿ, ಋಣಭಾರ ಪತ್ರ. ಎರಡೂ ಕಡೆಯ ಒಂದೊಂದು ಸೆಟ್ ಜೆರಾಕ್ಸ್ ಮಾಡಿ, ಹೆಸರು ಅಳಿಸಿ, ಜೋಡಿ ಜೋಡಿಯಾಗಿ ಓದಿಸಿ. ಮಲಯಾಳ ಓದಲು ಬರುವವರ ಪಕ್ಕ ಕನ್ನಡ ಓದಲು ಬರುವವರನ್ನು ಕೂರಿಸಿ. ಇಷ್ಟಕ್ಕೆ ಒಂದೂವರೆ ಗಂಟೆ ಕೊಡಿ, ಕಡಿಮೆ ಮಾಡಬೇಡಿ.

ಹೆಸರೇ ದೊಡ್ಡ ತಲೆನೋವು. ಆಧಾರಂನಲ್ಲಿ ಮನೆ ಹೆಸರು ಮೊದಲಿಗೆ, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಮೂವರೂ ಒಬ್ಬನೇ ಎಂದು ತೋರಿಸುವ ಒಂದು ಪಟ್ಟಿ ಮಾಡಿಸಿ: ತಂದೆ ಹೆಸರು, ಹುಟ್ಟಿದ ತಾರೀಕು, ಪ್ಯಾನ್ ನಂಬರ್.

ಪೊಲೀಸರು ಖಾತೆ ತಡೆಹಿಡಿಯಬಹುದು, ಆದರೆ ತಮ್ಮಷ್ಟಕ್ಕೆ ಜಾಗ-ಮನೆ ಹಿಡಿಯುವಂತಿಲ್ಲ. ಇದು ನೆವಾಡಾ ಪ್ರಾಪರ್ಟೀಸ್ ಕೇಸಿನ 2019ರ ತೀರ್ಪು. ಹಾಗಾಗಿ ಕೋರ್ಟಿನ ಆದೇಶ ಬೇಕು, ಆ ಆದೇಶದ ಪ್ರತಿ ಮಂಗಳೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ತಲುಪಬೇಕು. ತಲುಪದಿದ್ದರೆ ಋಣಭಾರ ಪತ್ರ ಖಾಲಿ ತೋರಿಸುತ್ತದೆ, ಫ್ಲ್ಯಾಟ್ ಇನ್ನೊಬ್ಬರ ಕೈಗೆ ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಕಡಲು ದಾಟುವುದು

ಭಾರತಕ್ಕೂ ಯುಎಇಗೂ ಕ್ರಿಮಿನಲ್ ವಿಷಯಗಳಲ್ಲಿ ಪರಸ್ಪರ ನೆರವಿನ ಒಪ್ಪಂದ 1999ರಲ್ಲೇ ಆಗಿದೆ. ಆದರೂ ನಮ್ಮ ಕೋರ್ಟಿನ ಆದೇಶ ಅಲ್ಲಿ ನೇರ ನಡೆಯುವುದಿಲ್ಲ. ಕೋರಿಕೆ ಪತ್ರ ದೆಹಲಿಯ ಗೃಹ ಸಚಿವಾಲಯದ ಮೂಲಕವೇ ಹೋಗಬೇಕು, ಅರಬಿ ಅನುವಾದದ ಜೊತೆ. ಐರೋಪ್ಯ ಒಕ್ಕೂಟದಲ್ಲಿ ಡೆನ್ಮಾರ್ಕ್ ಮತ್ತು ಐರ್ಲೆಂಡ್ ಬಿಟ್ಟು ಉಳಿದ ದೇಶಗಳ ನಡುವೆ ಒಬ್ಬರ ಜಪ್ತಿ ಆದೇಶ ಇನ್ನೊಬ್ಬರಲ್ಲಿ ನಡೆಯಲು 2020ರ ಡಿಸೆಂಬರ್‌ನಿಂದ ಅದರ ಜೊತೆ ಒಂದು ನಿಗದಿತ ಫಾರಂ ಸಾಕು. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ.

ಎಲ್ಲರಿಂದಲೂ ಎರಡು ಪುಟದ ಕೋರಿಕೆ ಬರೆಸಿ. ‘ಆರೋಪಿಯ ಎಲ್ಲ ಆಸ್ತಿಯ ವಿವರ ಕೊಡಿ’ ಎಂದು ಬರೆದವರಿಗೆ ಹಾಳೆ ವಾಪಸ್ ಕೊಡಿ. ಯಾವ ಬ್ಯಾಂಕು, ಯಾವ ಖಾತೆ, ಯಾವ ದಿನ ಇಲ್ಲಿಂದ ಎಷ್ಟು ಹೋಯಿತು, ಅದು ಅಪರಾಧದ ಹಣ ಹೇಗೆ? ಅಷ್ಟು ಇಲ್ಲದ ಪತ್ರಕ್ಕೆ ಬರುವ ಉತ್ತರ ಬರೀ ಪ್ರಶ್ನೆ. ಈ ವಿವರ ಮೊದಲೇ ಸಿಗಲು ತನಿಖಾ ಸಂಸ್ಥೆಗಳ ನಡುವೆ ಏರಿನ್-ಎಪಿ ಎಂಬ ಬಳಗ ಇದೆ. ಏಷ್ಯಾ-ಪೆಸಿಫಿಕ್ ದೇಶಗಳ ಈ ಬಳಗ 2013ರಲ್ಲಿ ಶುರುವಾಯಿತು, ಭಾರತವೂ ಅದರಲ್ಲಿದೆ.

ಐದನೇ ಹೆಜ್ಜೆ: ಮರುಬಳಕೆಯ ಜಗಳ

ಇದನ್ನು ಚಹಾದ ಜೊತೆ ಇಡಿ. ಇಟಲಿಯಲ್ಲಿ 1996ರ 109ನೇ ಕಾನೂನು ಬಂದ ಮೇಲೆ ಮಾಫಿಯಾದಿಂದ ಮುಟ್ಟುಗೋಲು ಹಾಕಿಕೊಂಡ ಮನೆ, ಹೊಲಗಳು ಮರುಬಳಕೆಗೆಂದು ಊರಿನ ಆಡಳಿತಕ್ಕೆ, ಸಹಕಾರಿ ಸಂಘಗಳಿಗೆ ಸಿಗುತ್ತಿವೆ. ಹತ್ತು ಲಕ್ಷ ಜನ ಸಹಿ ಹಾಕಿ ಕೇಳಿದ್ದರು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ.

ಒಮ್ಮೆ ಒಬ್ಬ ಜೂನಿಯರ್, ಫ್ಲ್ಯಾಟ್ ಮಾರುವುದು ಬೇಡ, ಎಣ್ಮಕಜೆ ಕಡೆಯಿಂದ ಆಸ್ಪತ್ರೆಗೆ ಬರುವ ಎಂಡೋಸಲ್ಫಾನ್ ಸಂತ್ರಸ್ತರ ಮನೆಯವರಿಗೆ ಉಳಿದುಕೊಳ್ಳಲು ಕೊಡೋಣ ಎಂದರು. ಚಪ್ಪಾಳೆ ಬಿತ್ತು. ಅಕ್ಕನ ಪಾತ್ರದವರು ಎದ್ದು ನಿಂತರು: “ಒಳ್ಳೇದು. ಅದು ನನ್ನ ದುಡ್ಡು ಅಲ್ವಾ?” ನನಗೂ ಅಕ್ಕನ ಮಾತೇ ಸರಿ ಅನಿಸುತ್ತದೆ. ಹಣ ಕಳೆದುಕೊಂಡವರು ಕಣ್ಣೆದುರು ಇರುವಾಗ ಮೊದಲ ಪಾಲು ಅವರದ್ದು. ಗಾಂಜಾ, ಕಳ್ಳಸಾಗಣೆಯ ಆಸ್ತಿಯಲ್ಲಿ ಹೀಗೆ ಕೇಳಲು ಬರುವ ಠೇವಣಿದಾರರು ಇರುವುದಿಲ್ಲ. ಇಟಲಿಯ ದಾರಿಯ ಮಾತು ಅಲ್ಲಿ ಆಡಬಹುದು.

ದಿನ ಎರಡನೇ ಶನಿವಾರ ಇಡಿ, ಕೋರ್ಟ್ ರಜೆ. ಮೂವತ್ತಕ್ಕಿಂತ ಜಾಸ್ತಿ ಜನ ಬೇಡ. ಊಟಕ್ಕೆ ಗಂಜಿ-ಚಟ್ನಿ ಇದ್ದರೆ ಒಳ್ಳೆಯದು, ಬಿರಿಯಾನಿಯನ್ನು ಕೆಲಸ ಮುಗಿದ ಮೇಲೆ ತರಿಸಿ.