ಕಡಿಮೆ ಬೆಲೆಯ ಫೋನು ಸಾಕೇ ಎಂದು ನಾನು ಪರೀಕ್ಷಿಸಿದ ಬಗೆ

ಹಳೆಯ ಫೋನಿನ ಪರದೆ ಎರಡನೆಯ ಸಲ ಒಡೆದಾಗ, ಅದನ್ನು ಮತ್ತೆ ರಿಪೇರಿ ಮಾಡಿಸುವುದೋ, ಅಷ್ಟೇ ದುಬಾರಿಯಾದ ಇನ್ನೊಂದನ್ನು ಕೊಳ್ಳುವುದೋ, ಇಲ್ಲವೇ ಕಡಿಮೆ ಬೆಲೆಯ ಸಾಧಾರಣ ಸ್ಮಾರ್ಟ್‌ಫೋನಿನಲ್ಲೇ ದಿನ ದೂಡುವುದೋ ಎಂಬ ಪ್ರಶ್ನೆ ಎದುರಾಯಿತು. ಯಾರನ್ನು ಕೇಳಿದರೂ ಫೋನಿನ ವಿಷಯ ಹೇಳುತ್ತಿದ್ದರು. ನನ್ನ ಬಳಕೆಯ ವಿಷಯವನ್ನು ನಾನೇ ಕಂಡುಕೊಳ್ಳಬೇಕಿತ್ತು. ಆದ್ದರಿಂದ ಪೇಟೆಯ ಕಡೆ ಮುಖ ಮಾಡುವ ಮೊದಲು, ಒಡೆದ ಪರದೆಯ ಫೋನಿನಲ್ಲೇ ಒಂದು ವಾರ ಲೆಕ್ಕ ಇಟ್ಟೆ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಭಾಗವಿದ್ದು, ಯಾವ ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಕಳೆದಿದ್ದೇವೆ ಎಂಬುದನ್ನು ಅದು ಮುಲಾಜಿಲ್ಲದೆ ತೋರಿಸುತ್ತದೆ. ಕರೆ, ವಾಟ್ಸ್‌ಆ್ಯಪ್, ಬ್ಯಾಂಕಿನ ಆ್ಯಪ್, ಮ್ಯಾಪ್, ಸುದ್ದಿ ಓದುವುದು, ರಾತ್ರಿ ಮಲಗುವ ಮುನ್ನ ಒಂದಿಷ್ಟು ವಿಡಿಯೊ: ನನ್ನ ವಾರವೆಲ್ಲ ಇಷ್ಟರಲ್ಲೇ ಮುಗಿದಿತ್ತು. ಗೇಮ್ ಒಂದೂ ಇರಲಿಲ್ಲ. ಒಳ್ಳೆಯ ಕ್ಯಾಮೆರಾ ಇಲ್ಲದೆ ನನಗೆ ಆಗದು ಎಂದು ನಂಬಿದ್ದೆನಾದರೂ, ಗ್ಯಾಲರಿಯನ್ನು ತಿರುವಿ ಹಾಕಿದಾಗ ಆ ತಿಂಗಳು ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ರಸೀದಿಗಳು, ಅರ್ಜಿ ನಮೂನೆಗಳು ಮತ್ತು ವಾಹನ ನಿಲ್ಲಿಸಿದ ಜಾಗದ ಗುರುತಿನ ಫಲಕಗಳಾಗಿದ್ದವು. ಸ್ವಲ್ಪ ನಾಚಿಕೆಯೂ ಆಯಿತೆನ್ನಿ.

ಪಟ್ಟಿ ಕೈಗೆ ಬಂದ ಮೇಲೆ, ತಮ್ಮನ ಮನೆಯ ಡ್ರಾಯರಿನಲ್ಲಿ ಮೂಲೆ ಸೇರಿದ್ದ 2 ಜಿಬಿ ರ‍್ಯಾಮ್ (ತೆರೆದ ಆ್ಯಪ್‌ಗಳು ಕೆಲಸ ಮಾಡುವ ತಾತ್ಕಾಲಿಕ ಜಾಗ), 32 ಜಿಬಿ ಸ್ಟೋರೇಜಿನ ಫೋನನ್ನು ತಂದು, ಸಿಮ್ ಹಾಕಿ, ಹತ್ತು ದಿನ ಅದನ್ನೇ ಬಳಸಿದೆ. ಮೊದಲ ಎರಡು ದಿನ ಯಾವ ತೊಂದರೆಯೂ ಕಾಣಲಿಲ್ಲ. ಮೂರನೆಯ ದಿನ ಬ್ಯಾಂಕಿನ ಆ್ಯಪ್‌ನಲ್ಲಿ ಹಣ ಕಳಿಸಲು ಹೊರಟಾಗ ಓಟಿಪಿ ಬಂತು; ಅದನ್ನು ನೋಡಲು ಮೆಸೇಜ್ ತೆರೆದು ಮರಳುವಷ್ಟರಲ್ಲಿ ಬ್ಯಾಂಕಿನ ಆ್ಯಪ್ ಮೊದಲಿನಿಂದ ಶುರುವಾಗಿ ಪಾಸ್‌ವರ್ಡ್ ಕೇಳುತ್ತಾ ಕುಳಿತಿತ್ತು. ಮತ್ತೆ ಲಾಗಿನ್, ಮತ್ತೆ ಓಟಿಪಿ, ಮತ್ತೆ ಅದೇ ಕತೆ. ಕೊನೆಗೆ ಇನ್ನೊಬ್ಬರ ಕೈಗೆ ಫೋನ್ ಕೊಡಲೂ ಆಗದೆ, ಪರದೆಯ ಮೇಲ್ತುದಿಯಲ್ಲಿ ಕ್ಷಣಮಾತ್ರ ಇಣುಕಿ ಮರೆಯಾಗುವ ಸೂಚನೆಯಿಂದಲೇ ಆರು ಅಂಕಿಗಳನ್ನು ಬಾಯಿಪಾಠ ಮಾಡಿ ಕೆಲಸ ಮುಗಿಸಿದೆ.

ಇದು ಆ ಬ್ಯಾಂಕಿನ ದೋಷವೂ ಅಲ್ಲ, ಫೋನು ಕೆಟ್ಟಿದ್ದರಿಂದ ಆದದ್ದೂ ಅಲ್ಲ. ರ‍್ಯಾಮ್ ಸಾಲದೆ ಹೋದಾಗ ಹೊಸ ಆ್ಯಪ್‌ಗೆ ಜಾಗ ಮಾಡಿಕೊಡಲು ಹಿಂದೆ ತೆರೆದಿದ್ದನ್ನು ಆಂಡ್ರಾಯ್ಡ್ ತಾನಾಗಿಯೇ ಮುಚ್ಚಿಬಿಡುತ್ತದೆ. ಇಂಥ ಫೋನುಗಳಿಗೆಂದೇ ಗೂಗಲ್ 2017ರಲ್ಲಿ ಆಂಡ್ರಾಯ್ಡ್ ಗೋ ಎಂಬ ಹಗುರವಾದ ಆವೃತ್ತಿಯನ್ನು ತಂದಾಗ ಅದು 1 ಜಿಬಿ ಅಥವಾ ಅದಕ್ಕೂ ಕಡಿಮೆ ರ‍್ಯಾಮ್ ಇರುವ ಫೋನುಗಳಿಗಾಗಿತ್ತು; ಆಂಡ್ರಾಯ್ಡ್ 13ರ ಹೊತ್ತಿಗೆ ಅದೇ ಗೋ ಆವೃತ್ತಿಗೂ ಕನಿಷ್ಠ 2 ಜಿಬಿ ಬೇಕಾಯಿತು. ಅಂದರೆ 2 ಜಿಬಿ ಎಂಬುದು ಈಗ ಹೊಸ್ತಿಲು ಮಾತ್ರ. ಡಬ್ಬದ ಮೇಲೆ ‘4+4 ಜಿಬಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಎರಡನೆಯ ನಾಲ್ಕನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಟೋರೇಜಿನ ಒಂದು ಭಾಗವನ್ನು ರ‍್ಯಾಮಿನಂತೆ ಬಳಸುವ ಆ ಉಪಾಯ ನಿಜವಾದ ರ‍್ಯಾಮಿಗಿಂತ ಎಷ್ಟೋ ನಿಧಾನ.

ಸ್ಟೋರೇಜಿನ ಪಾಠ ಏಳನೆಯ ದಿನ ಸಿಕ್ಕಿತು. 32 ಜಿಬಿಯಲ್ಲಿ ದೊಡ್ಡ ಪಾಲನ್ನು ಸಿಸ್ಟಮ್ ಮತ್ತು ಮೊದಲೇ ತುಂಬಿಸಿ ಕೊಟ್ಟ ಆ್ಯಪ್‌ಗಳೇ ನುಂಗಿರುತ್ತವೆ. ಉಳಿದದ್ದಕ್ಕೆ ಕುಟುಂಬದ ಗುಂಪುಗಳ ಶುಭೋದಯದ ಚಿತ್ರಗಳು ಸಾಕು. ಮೆಮೊರಿ ಕಾರ್ಡ್ ಹಾಕಿದರಾಯಿತು ಎಂದುಕೊಂಡಿದ್ದೆ. ಆದರೆ ಕ್ಯಾಮೆರಾದ ಚಿತ್ರಗಳು ಕಾರ್ಡಿಗೆ ನೇರವಾಗಿ ಹೋಗುವಂತೆ ಮಾಡಬಹುದಾದರೂ ವಾಟ್ಸ್‌ಆ್ಯಪ್ ತನ್ನ ಫೈಲುಗಳನ್ನು ಫೋನಿನೊಳಗೇ ಇಡುತ್ತದೆ. ಒಳಗಿನ ಜಾಗ ತುಂಬುತ್ತಾ ಬಂದಂತೆ ಫೋನು ಹ್ಯಾಂಗ್ ಆಗತೊಡಗುತ್ತದೆ, ಅಪ್‌ಡೇಟ್‌ಗಳು ಅರ್ಧಕ್ಕೆ ನಿಲ್ಲುತ್ತವೆ. ಈ ದರ್ಜೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಂಎಂಸಿ ಬಗೆಯ ಸ್ಟೋರೇಜ್. ದುಬಾರಿ ಫೋನುಗಳ ಯುಎಫ್‌ಎಸ್‌ಗಿಂತ ಇದು ನಿಧಾನವಾದ್ದರಿಂದ, ತುಂಬಿದಾಗಿನ ತೊಡಕು ಇನ್ನಷ್ಟು ಎದ್ದು ಕಾಣುತ್ತದೆ.

ಹೀಗಾಗಿ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸ್ಟೋರೇಜ್, ಇವೆರಡಕ್ಕಿಂತ ಕೆಳಗೆ ಇಳಿಯಬಾರದೆಂದು ನಿರ್ಧರಿಸಿ, ಅಂಥದ್ದರಲ್ಲಿ ಅತ್ಯಂತ ಅಗ್ಗವಾದದ್ದನ್ನು ಕೊಂಡೆ. ಅದನ್ನು ಬಳಸುತ್ತಾ ಹದಿನಾಲ್ಕು ತಿಂಗಳಾಗಿದೆ. ಓಟಿಪಿಯ ಕಾಟ ಮತ್ತೆ ಬಂದಿಲ್ಲ. 5000 ಎಂಎಎಚ್ ಬ್ಯಾಟರಿ, 720 x 1600 ಪಿಕ್ಸೆಲ್‌ಗಳ ಮಿತವ್ಯಯದ ಪರದೆ, ಎರಡೂ ಸೇರಿ ನನ್ನ ಬಳಕೆಗೆ ಚಾರ್ಜು ಹೆಚ್ಚುಕಡಿಮೆ ಎರಡು ದಿನ ಬರುತ್ತದೆ. 10 ವ್ಯಾಟ್‌ನ ಚಾರ್ಜರು ಮೂರು ತಾಸಿನ ಹತ್ತಿರ ತೆಗೆದುಕೊಳ್ಳುವುದರಿಂದ ಹೊರಡುವ ಅವಸರದಲ್ಲಿ ಅದನ್ನು ನಂಬುವಂತಿಲ್ಲ. ಹಿಂಬದಿಯ ಮೂರು ಕಣ್ಣುಗಳಲ್ಲಿ ದುಡಿಯುವುದು ಒಂದೇ. 2 ಮೆಗಾಪಿಕ್ಸೆಲ್‌ನ ಉಳಿದೆರಡು ಶೋಕಿಗೆ. ಹಗಲಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ, ರಾತ್ರಿ ಬೇಡ. ವೈಡ್‌ವೈನ್ (ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ) ಇದರಲ್ಲಿ ಕೆಳಗಿನ ಎಲ್3 ಮಟ್ಟದ್ದಾದ್ದರಿಂದ ಹಣ ಕಟ್ಟಿ ನೋಡುವ ಕೆಲವು ವಿಡಿಯೊ ಆ್ಯಪ್‌ಗಳಲ್ಲಿ ಎಚ್‌ಡಿ ಸಿಗುವುದಿಲ್ಲ, ನನಗದು ನಷ್ಟವೆನಿಸಲಿಲ್ಲ.

ನಿಜವಾಗಿ ಕೊರತೆ ಅನ್ನಿಸಿದ್ದು ನಾನು ಕೊಳ್ಳುವಾಗ ನೋಡುವುದನ್ನೇ ಮರೆತ ಒಂದು ಸಣ್ಣ ಭಾಗ. ಹೊಸ ಊರೊಂದರಲ್ಲಿ ಬಸ್ಸಿಳಿದು ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಸರಿಯಾದ ಜಾಗದಲ್ಲೇ ಇತ್ತು, ಆದರೆ ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆಂದು ತೋರಿಸುವ ನೀಲಿ ಬೆಳಕಿನ ಕೋಲು ಇರಲಿಲ್ಲ. ದಿಕ್ಸೂಚಿಯ ಸೆನ್ಸರನ್ನೇ ಕೈಬಿಟ್ಟಿದ್ದರು. ಜಿಪಿಎಸ್ ಜಾಗವನ್ನು ಹೇಳುತ್ತದೆಯೇ ಹೊರತು ನಿಂತವನ ದಿಕ್ಕನ್ನು ಹೇಳಲಾರದು. ಈಗ ಇಪ್ಪತ್ತು ಹೆಜ್ಜೆ ನಡೆದು, ಚುಕ್ಕೆ ಯಾವ ಕಡೆ ಜರುಗಿತೆಂದು ನೋಡಿ, ತಪ್ಪಾಗಿದ್ದರೆ ಹಿಂದಿರುಗುತ್ತೇನೆ. ಕೊಳ್ಳುವವರು ಸೆನ್ಸರುಗಳ ಪಟ್ಟಿಯನ್ನು ಒಮ್ಮೆ ಓದುವುದು ಒಳ್ಳೆಯದು.

ಬೆಲೆಯನ್ನು ನಾನೀಗ ತಿಂಗಳಿನ ಲೆಕ್ಕದಲ್ಲಿ ನೋಡುತ್ತೇನೆ. ಬ್ಯಾಂಕಿನ ಕೆಲಸವನ್ನೆಲ್ಲ ಫೋನಿನಲ್ಲಿ ಮಾಡುವವನಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತ ದಿನವೇ ಫೋನಿನ ಆಯುಸ್ಸು ಮುಗಿದಂತೆ. ಆದ್ದರಿಂದ ಕೊಟ್ಟ ಹಣವನ್ನು ಅಪ್‌ಡೇಟ್ ಬರುವ ತಿಂಗಳುಗಳಿಂದ ಭಾಗಿಸಿದಾಗ, ಸ್ವಲ್ಪ ಹೆಚ್ಚು ಬೆಲೆಯದ್ದೇ ಕೆಲವೊಮ್ಮೆ ಅಗ್ಗವಾಗುತ್ತದೆ. ನನ್ನ ಫೋನಿಗೆ ಎರಡು ವರ್ಷದ ಭರವಸೆಯಿತ್ತು, ಆದರೆ ಆ ಎಣಿಕೆ ಶುರುವಾಗಿದ್ದು ನಾನು ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ನಾನು ಕೊಳ್ಳುವ ಹೊತ್ತಿಗೇ ನಾಲ್ಕು ತಿಂಗಳು ಕಳೆದಿದ್ದವು. ಇನ್ನು ಉಳಿದಿರುವುದು ಆರು.