ಮೊದಲು ಹಾಡಿದವರ ಅಂಕ

ಕರ್ನಾಟಕ ಸಂಗೀತದ ಗಾಯನ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುವಾಗ, ಹಾಡುವ ಸರದಿಯೂ ಫಲಿತಾಂಶದಲ್ಲಿ ಕೈಯಾಡಿಸುತ್ತದೆ ಎಂದು ಒಪ್ಪಿಕೊಂಡೇ ನಾನು ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತೇನೆ. ಚೀಟಿ ಎತ್ತಿ ಸರದಿ ನಿರ್ಧರಿಸಿದ ಮೇಲೆ ಯಾರಿಗೂ ಅನ್ಯಾಯವಿಲ್ಲ ಎಂದು ಸಂಘಟಕರು ಹೇಳುವುದುಂಟು. ಆದರೆ ನಷ್ಟ ಯಾರ ಪಾಲಿಗೆ ಬೀಳಬೇಕೆಂಬುದನ್ನು ಚೀಟಿ ಅದೃಷ್ಟಕ್ಕೆ ಬಿಡುತ್ತದೆಯೇ ಹೊರತು ನಷ್ಟವನ್ನೇ ತಪ್ಪಿಸುವುದಿಲ್ಲ.

ಬ್ರಸೆಲ್ಸ್‌ನಲ್ಲಿ ನಡೆಯುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕ್ವೀನ್ ಎಲಿಸಬೆತ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ 12 ಮಂದಿ, ಸಂಜೆಗೆ ಇಬ್ಬರಂತೆ, ಚೀಟಿಯ ಸರದಿಯಲ್ಲೇ ನುಡಿಸುತ್ತಿದ್ದರು. ಅಲ್ಲಿನ ಪಿಯಾನೊ ಮತ್ತು ಪಿಟೀಲು ಸ್ಪರ್ಧೆಗಳ ಹಲವು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಂಭವ ಕಡಿಮೆಯಿತ್ತು. ಎಲ್ಲರೂ ನುಡಿಸಲೇಬೇಕಾದ ಹೊಸ ರಚನೆಯೊಂದು ಆ ಸುತ್ತಿನಲ್ಲಿರುತ್ತದೆ. ಕೇಳುತ್ತ ಕೇಳುತ್ತ ಅದು ತೀರ್ಪುಗಾರರಿಗೂ ಪರಿಚಿತವಾಗುತ್ತದೆ.

ನಮ್ಮಲ್ಲಿ ಕೃತಿಗಳು ಪರಿಚಿತವೇ. ತೊಡಕು ಬೇರೆ ಕಡೆ ಇದೆ. ಮುಂದೆ ಇನ್ನೂ ಚೆನ್ನಾಗಿ ಹಾಡುವವರು ಬರಬಹುದೆಂದು ಮೊದಲಿನವರಿಗೆ ಅಂಕ ಬಿಗಿಹಿಡಿಯುವುದು ಒಂದು. ಅದಕ್ಕಿಂತ ಸೂಕ್ಷ್ಮವಾದದ್ದು ಹಿಂದೆ ಹಾಡಿದವರು ಕಿವಿಯಲ್ಲಿ ಉಳಿಸಿಹೋಗುವ ನಾದ. ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಹುಡುಗಿಯೊಬ್ಬಳು ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಗಾಂಧಾರದಲ್ಲಿ ನಿಂತು ತೋಡಿ ರಾಗವನ್ನು ಮುಗಿಸಿದ ಬೆನ್ನಿಗೇ ಒಂದು ಮನೆಯ ತಗ್ಗಿನ ಶ್ರುತಿಯ ಹುಡುಗನೊಬ್ಬ ಧನ್ಯಾಸಿ ರಾಗ ಎತ್ತಿಕೊಂಡರೆ, ಅವನ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ನಿಷಾದ ಎಷ್ಟೇ ಶುದ್ಧವಾಗಿದ್ದರೂ ಮೊದಲ ಕೆಲವು ಕ್ಷಣ ಹಾಡು ಸಪ್ಪೆಯೆನಿಸುತ್ತದೆ. ಅದು ಅವನ ಹಾಡಿನ ದೋಷವಲ್ಲ, ನನ್ನ ಕಿವಿಯ ಸ್ಥಿತಿ. ಆದ್ದರಿಂದ ತಂಬೂರಿಯ ಶ್ರುತಿ ಬದಲಾದಾಗ ಹೊಸ ಆಧಾರಸ್ವರವಾದ ಷಡ್ಜ ಕಿವಿಯಲ್ಲಿ ನೆಲೆಗೊಳ್ಳುವವರೆಗೆ ಆರಂಭಿಸಬೇಡವೆಂದು ಸ್ಪರ್ಧಿಗೆ ಹೇಳುತ್ತೇನೆ. ಪಕ್ಕವಾದ್ಯದವರಿಗೂ ಅದರಿಂದ ಅನುಕೂಲವೇ.

ಶ್ರುತಿ, ತಾಳ, ಸಾಹಿತ್ಯಶುದ್ಧಿ, ಮನೋಧರ್ಮ (ಹಾಡುವಾಗಲೇ ಹೊಸದಾಗಿ ಕಟ್ಟುವ ಕಲ್ಪನೆ) ಎಂದು ಅಂಕವನ್ನು ಬಿಡಿಸಿ, ಮೊದಲ ಮೂರು ಕಾಲಂಗಳನ್ನು ಆಗಲೇ ತುಂಬುತ್ತೇನೆ. ತಾಳ ತಪ್ಪಿತೇ ಇಲ್ಲವೇ ಎಂಬುದಕ್ಕೆ ಮುಂದಿನವರ ಹಾಡನ್ನು ಕೇಳಬೇಕಿಲ್ಲ. ಮನೋಧರ್ಮಕ್ಕೆ ಮಾತ್ರ ಸಂಖ್ಯೆಯ ಬದಲು ಮಾತು ಬರೆಯುತ್ತೇನೆ: ‘ಆಲಾಪನೆ ಪಂಚಮದಲ್ಲೇ ಸುತ್ತಿತು’, ‘ಸ್ವರಕಲ್ಪನೆ ಎಡುಪಿಗೆ ಸಹಜವಾಗಿ ಬಂತು’ (ಸ್ವರಕಲ್ಪನೆಯೆಂದರೆ ಆಗಲೇ ಕಟ್ಟಿ ಹಾಡುವ ಸ್ವರಗಳು, ಎಡುಪು ಎಂದರೆ ಹಾಡಿನ ಸಾಲು ತಾಳದಲ್ಲಿ ಎತ್ತಿಕೊಳ್ಳುವ ಜಾಗ). ಎಲ್ಲರೂ ಹಾಡಿದ ನಂತರ ಈ ಟಿಪ್ಪಣಿಗಳನ್ನು ಕೊನೆಯ ಸ್ಪರ್ಧಿಯಿಂದ ಹಿಂದಕ್ಕೆ ಓದುತ್ತ ಅಂಕ ಹಾಕುತ್ತೇನೆ. ಆಕಾಶವಾಣಿಯ ಧ್ವನಿಪರೀಕ್ಷೆಯಂತೆ ದರ್ಜೆ ನೀಡುವುದಾದರೆ ಇಷ್ಟು ಕಸರತ್ತು ಬೇಕಾಗದು, ಏಕೆಂದರೆ ಅಲ್ಲಿ ಅಳತೆಗೋಲು ಪಕ್ಕದ ಅಭ್ಯರ್ಥಿಯಲ್ಲ. ಬಹುಮಾನವಿರುವಲ್ಲಿ ಹೋಲಿಕೆ ತಪ್ಪದು.

ಮೊದಲ ಸ್ಥಾನಕ್ಕೆ ಇಬ್ಬರ ಅಂಕ ತೀರ ಹತ್ತಿರ ಬಂದಾಗ, ಅವರನ್ನು ಸರದಿ ಅದಲುಬದಲು ಮಾಡಿ ಮತ್ತೆ ಕರೆದು, ಒಂದೇ ರಾಗದಲ್ಲಿ ತಾಳದ ನಾಲ್ಕೈದು ಆವರ್ತನ ಸ್ವರಕಲ್ಪನೆ ಹಾಡಿಸುತ್ತೇನೆ. ಸಭಾಂಗಣದ ಬಾಡಿಗೆಯ ಅವಧಿ ಮೀರುತ್ತದೆಂದು ಸಂಘಟಕರು ಗಡಿಯಾರ ನೋಡುವುದು ಈ ಹಂತದಲ್ಲೇ. ಅದಕ್ಕಾಗಿ ಈ ಸುತ್ತಿನ ಸಮಯವನ್ನು ಆಹ್ವಾನ ಒಪ್ಪಿಕೊಳ್ಳುವಾಗಲೇ ಕೇಳಿ ಇಟ್ಟುಕೊಂಡಿರುತ್ತೇನೆ.